ಲೆಕ್ಕದ ಮಾಸ್ಟ್ರಾಗಿದ್ದ ಅಪ್ಪ ಇದನ್ನೆಲ್ಲ ಹೇಗೆ ನಂಬಿದ್ರು?

ಪ್ರಶ್ನೆ: ಮೇಡಂ, ನಮ್ಮದು ಕಾಪು ಹತ್ತಿರ. ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ಟ್ರಾಗಿದ್ದವರು, ರಿಟೈರ್ ಆಗಿ ಎಂಟು ವರ್ಷ ಆಯ್ತು. 2021ರ ಮೇ ತಿಂಗಳಲ್ಲಿ ಅಮ್ಮ ಕೋವಿಡ್‌ನಲ್ಲಿ ಹೋದ್ರು, ಕೊನೆಗೆ ಮುಖ ನೋಡ್ಲಿಕ್ಕೂ ಆಗ್ಲಿಲ್ಲ. ಅಪ್ಪ ಈಗ ಇಡೀ ದಿನ ಮೊಬೈಲಲ್ಲಿ. ವ್ಯಾಕ್ಸಿನ್‌ನಲ್ಲಿ ಚಿಪ್ ಉಂಟಂತೆ, ಸಣ್ಣ ಪ್ರಾಯದವರು ಹಾರ್ಟ್ ಅಟ್ಯಾಕ್‌ನಲ್ಲಿ ಹೋಗುದಕ್ಕೆಲ್ಲ ಅದೇ ಕಾರಣವಂತೆ, ಅಮೆರಿಕದವರು ಚಂದ್ರನ ಮೇಲೆ ಇಳಿದದ್ದೇ ಸುಳ್ಳಂತೆ. ನಾನು ಎಂತ ಹೇಳಿದ್ರೂ "ನೀನು ಓದಿದ್ದು ಅವರು ಬರೆದ ಪುಸ್ತಕ" ಅಂತಾರೆ. ಈಗ ನನ್ನ ಮಗುವಿಗೆ ಒಂಬತ್ತು ತಿಂಗಳು, ಎಂಆರ್ (ದಡಾರ-ರುಬೆಲ್ಲಾ) ಇಂಜೆಕ್ಷನ್ ಹಾಕಿಸ್ಬೇಡ ಅಂತ ಹಠ, ಮನೆಯಲ್ಲಿ ದಿನಾ ಜಗಳ. ಇಷ್ಟು ಓದಿದವರು ಹೀಗೆ ಯಾಕೆ ನಂಬ್ತಾರೆ? ನಾನೆಂತ ಮಾಡ್ಬೇಕು?

ಉತ್ತರ: ಮೊದಲು ಮಗುವಿನ ವಿಷಯ ಹೇಳಿಬಿಡ್ತೇನೆ, ಯಾಕಂದ್ರೆ ಅದನ್ನು ಮುಂದೆ ಹಾಕ್ಲಿಕ್ಕೆ ಆಗುದಿಲ್ಲ. ಒಂಬತ್ತು ತಿಂಗಳು ತುಂಬಿದೆ ಅಂದ್ರೆ ಎಂಆರ್ ಮೊದಲನೇ ಡೋಸ್ ಹಾಕಿಸ್ಲೇಬೇಕು, ಎರಡನೇದು 16ರಿಂದ 24 ತಿಂಗಳ ಒಳಗೆ, ತಾಯಿ ಕಾರ್ಡಿನಲ್ಲಿ ಬರೆದಿರ್ತದೆ ನೋಡಿ. ಅಪ್ಪ ಒಪ್ಪುವವರೆಗೆ ಕಾಯ್ತಾ ಕೂರ್ಬೇಡಿ. ದಡಾರ ಗಾಳಿಯಲ್ಲಿ ಹರಡುವ ಕಾಯಿಲೆ, ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಜನಕ್ಕೆ ಹರಡ್ತದೆ ಅಂತ ಲೆಕ್ಕ, ಸಣ್ಣ ಮಕ್ಕಳಲ್ಲಿ ನ್ಯುಮೋನಿಯಾಕ್ಕೆ ತಿರುಗಿದ್ರೆ ಜೀವಕ್ಕೇ ಅಪಾಯ. ತೀರ್ಮಾನ ಮಗುವಿನ ಅಪ್ಪ ಅಮ್ಮನದ್ದು, ಅಜ್ಜನದ್ದಲ್ಲ. ಅದನ್ನು ಗಟ್ಟಿಯಾಗಿ ಹಿಡ್ಕೊಂಡು ಉಳಿದದ್ದನ್ನು ಮೆತ್ತಗೆ ಮಾತಾಡುವ.

ಮತ್ತೆ, ನಿಮ್ಮ ಅಪ್ಪ ಇದರಲ್ಲಿ ಮೊದಲಿಗರಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ 9 ತಿಂಗಳಿಂದ 15 ವರ್ಷದ ಒಳಗಿನ ಮಕ್ಕಳಿಗೆಲ್ಲ ಎಂಆರ್ ಹಾಕುವ ಅಭಿಯಾನ ನಡೆದಾಗ ಸಹ ಇದೇ ತರದ ವಾಟ್ಸಾಪ್ ಮೆಸೇಜು, ಆಡಿಯೋ ಎಲ್ಲ ಓಡಾಡಿತ್ತು. ಆಗ ಶಾಲೆ ಗೇಟಿನ ಹತ್ರ ಒಪ್ಪಿಗೆ ಚೀಟಿ ಕೈಯಲ್ಲಿ ಹಿಡ್ಕೊಂಡು ಸಹಿ ಹಾಕ್ಲಾ ಬೇಡ್ವಾ ಅಂತ ನಿಂತಿದ್ದ ಎಷ್ಟೋ ಅಮ್ಮಂದಿರ ಹತ್ರ ನಾನೇ ಮಾತಾಡಿದ್ದೇನೆ. ಅವರ್ಯಾರೂ ದಡ್ಡರಲ್ಲ, ಮಗುವಿನ ಮೇಲೆ ಪ್ರೀತಿ ಇದ್ದದ್ದಕ್ಕೇ ಹೆದರಿದವರು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಮಂಗಳೂರಲ್ಲಿ ಇಷ್ಟು ವರ್ಷ ಸೈಕಾಲಜಿ ಪಾಠ ಮಾಡಿ, ಮನೆಮನೆಯ ಜಗಳ ಕೇಳಿ ನನಗೆ ಅರ್ಥ ಆದದ್ದು ಎಂತದ್ದು ಅಂದ್ರೆ, ಷಡ್ಯಂತ್ರದ ಕಥೆ ನಂಬುವವರ ತಲೆ ಸರಿಯಾಗಿಯೇ ಉಂಟು, ಅವರಿಗೆ ಯಾರ ಮಾತು ನಂಬಬಹುದು ಅನ್ನುವ ಲೆಕ್ಕ ಎಲ್ಲೋ ಒಂದು ದಿನ ತಪ್ಪಿ ಹೋಗಿರ್ತದೆ. ಆ ದಿನ ಯಾವುದು ಅಂತ ಗೊತ್ತಾಗದೆ ನಾವು ಫಾರ್ವರ್ಡ್‌ಗೆ ಫಾರ್ವರ್ಡ್ ಕಳಿಸಿ ವಾದ ಮಾಡಿದ್ರೆ ಪ್ರಯೋಜನ ಇಲ್ಲ.

ಓದು ಯಾಕೆ ಕಾಪಾಡ್ಲಿಲ್ಲ ಅಂತ ಕೇಳಿದ್ದೀರಿ. ಓದಿದವರಲ್ಲಿ ಇಂಥ ನಂಬಿಕೆ ಒಟ್ಟಾರೆ ಸ್ವಲ್ಪ ಕಡಿಮೆ ಹೌದು, ಆದ್ರೆ ಒಮ್ಮೆ ನಂಬಿದ ಮೇಲೆ ಅದೇ ಓದು ಆ ನಂಬಿಕೆಯ ವಕೀಲನ ಹಾಗೆ ಕೆಲಸ ಮಾಡ್ತದೆ. ಅಮೆರಿಕದ ಯೇಲ್ ಯುನಿವರ್ಸಿಟಿಯ ಡಾನ್ ಕಹಾನ್ ಮತ್ತೆ ಅವರ ಜೊತೆಯವರು 2013ರಲ್ಲಿ ಒಂದು ಪ್ರಯೋಗದ ಫಲಿತಾಂಶ ಹೊರಗೆ ಹಾಕಿದ್ರು, ನಿಮ್ಮ ಅಪ್ಪನಂಥ ಲೆಕ್ಕದವರ ವಿಷಯ ಬಂದಾಗೆಲ್ಲ ನನಗೆ ಅದೇ ನೆನಪಾಗುದು. ಜನರಿಗೆ ಒಂದು ಅಂಕಿಗಳ ಪಟ್ಟಿ ಕೊಟ್ಟು ಚರ್ಮದ ಕ್ರೀಮ್ ಕೆಲಸ ಮಾಡಿದೆಯಾ ಇಲ್ವಾ ಹೇಳಿ ಅಂದ್ರು, ಲೆಕ್ಕದಲ್ಲಿ ಗಟ್ಟಿ ಇದ್ದವರು ಸರಿಯಾಗಿ ಹೇಳಿದ್ರು. ಅದೇ ಅಂಕಿಗಳನ್ನೇ ಇಟ್ಟು ಇದು ಬಂದೂಕು ನಿಷೇಧ ಮಾಡಿದ ಊರುಗಳ ಅಪರಾಧದ ಲೆಕ್ಕ ಅಂದಾಗ ಕಥೆ ಬದಲಾಯ್ತು, ಅಲ್ಲಿ ಬಂದೂಕು ಅಂದ್ರೆ ದೊಡ್ಡ ರಾಜಕೀಯ ಜಗಳ. ಉತ್ತರ ತಮ್ಮ ರಾಜಕೀಯಕ್ಕೆ ಒಪ್ಪುವುದಾದ್ರೆ ಸರಿ ಲೆಕ್ಕ, ಒಪ್ಪದಿದ್ರೆ ತಪ್ಪು ಲೆಕ್ಕ, ಮತ್ತೆ ಈ ವ್ಯತ್ಯಾಸ ಹೆಚ್ಚು ಕಂಡದ್ದು ಲೆಕ್ಕದಲ್ಲಿ ಗಟ್ಟಿ ಇದ್ದವರಲ್ಲೇ. ಅಂದ್ರೆ ಹರಿತ ಇದ್ದ ಕತ್ತಿ ತನಗೆ ಬೇಕಾದ ಕಡೆಗೇ ಹೆಚ್ಚು ಚಂದ ಕತ್ತರಿಸ್ತದೆ. ಹಾಗಾಗಿ ಮಾಸ್ಟ್ರಾಗಿಯೂ ಹೀಗಾ ಅಂತ ಅವರಿಗೆ ಹೇಳ್ಬೇಡಿ, ಅದು ನೋವು ಮಾಡ್ತದೆ ಮತ್ತೆ ಅದು ಸರಿಯೂ ಅಲ್ಲ.

ನಮ್ಮ ಊರಿನದ್ದೇ ಒಂದು ವಿಷಯ ಹೇಳ್ತೇನೆ, ನಿಮಗೂ ನೆನಪಿರ್ಬಹುದು. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಸುವರ್ಣ ತ್ರಿಭುಜ ಅನ್ನುವ ಬೋಟು ಏಳು ಜನರನ್ನು ಕರ್ಕೊಂಡು ಮೀನಿಗೆ ಹೋದದ್ದು, 15ನೇ ತಾರೀಕಿನ ನಂತರ ಸುದ್ದಿಯೇ ಇಲ್ಲ. ದಿನ ಹೋಯ್ತು, ವಾರ ಹೋಯ್ತು. 2019ರ ಜನವರಿ 6ಕ್ಕೆ ಸಾವಿರಾರು ಮೀನುಗಾರರು ಮಲ್ಪೆಯಿಂದ ನಡ್ಕೊಂಡು ಬಂದು ಅಂಬಲ್ಪಾಡಿಯಲ್ಲಿ ಹೈವೇ ತಡೆದ್ರು, ಆ ಸಿಟ್ಟು ನೋಡಿದವರು ಮರೀಲಿಕ್ಕಿಲ್ಲ. ಆ ನಾಲ್ಕೂವರೆ ತಿಂಗಳು ಕರಾವಳಿಯಲ್ಲಿ ಎಷ್ಟು ಕಥೆ ಹುಟ್ಟಿತು ಅಂತ ಲೆಕ್ಕ ಇಲ್ಲ, ಕಡಲ್ಗಳ್ಳರು ಹಿಡ್ಕೊಂಡು ಹೋಗಿದ್ದಾರೆ ಅಂತ, ಬೇರೆ ರಾಜ್ಯದವರು ಕಟ್ಟಿ ಹಾಕಿದ್ದಾರೆ ಅಂತ, ದೊಡ್ಡ ಹಡಗು ಗುದ್ದಿ ಹೋಗಿದೆ, ಮೇಲಿನವರಿಗೆ ಗೊತ್ತಿದ್ದೂ ಹೇಳ್ತಾ ಇಲ್ಲ ಅಂತ. ಕೊನೆಗೆ ಮೇ ತಿಂಗಳ ಮೊದಲಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಸುಮಾರು 33 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿತು. ಬೋಟು ಸಿಕ್ಕಿತು, ಹೋದವರು ಬರ್ಲಿಲ್ಲ.

ಆ ಏಳು ಮನೆಯವರು ಆ ಕಥೆಗಳನ್ನು ಯಾಕೆ ಕಿವಿಗೊಟ್ಟು ಕೇಳಿದ್ರು ಅಂತ ಯೋಚನೆ ಮಾಡಿ. ಕಡಲ್ಗಳ್ಳರು ಹಿಡ್ಕೊಂಡು ಹೋಗಿದ್ರೆ ಜೀವ ಉಂಟು ಅಂತ ಅರ್ಥ ಅಲ್ವಾ. ಷಡ್ಯಂತ್ರದ ಕಥೆಯೊಳಗೆ ಎಷ್ಟೋ ಸಲ ಒಂದು ಆಸೆ ಅಡಗಿರ್ತದೆ, ಯಾರೋ ಇದನ್ನು ಮಾಡಿದ್ದಾರೆ ಅಂದ್ರೆ ಯಾರನ್ನೋ ಹಿಡಿದು ಕೇಳ್ಬಹುದು, ಬಿಡಿಸಿ ತರ್ಬಹುದು. ಕಡಲನ್ನು ಹಿಡಿದು ಕೇಳ್ಲಿಕ್ಕೆ ಆಗುದಿಲ್ಲ. ಮತ್ತೆ ಆ ಸಮಯದಲ್ಲಿ ದಿನಾ ಒಬ್ಬ ಅಧಿಕಾರಿ ಬಂದು ಇವತ್ತು ಇಲ್ಲಿ ಹುಡುಕಿದೆವು, ಸಿಗ್ಲಿಲ್ಲ, ನಾಳೆ ಅಲ್ಲಿ ಹುಡುಕ್ತೇವೆ ಅಂತ ಕೂತು ಹೇಳಿದ್ರೆ ಅರ್ಧ ಕಥೆ ಹುಟ್ತಾ ಇರ್ಲಿಲ್ಲ ಅಂತ ನನ್ನ ಅಭಿಪ್ರಾಯ.

ಮಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞರು ನೂರು ವರ್ಷದ ಹಿಂದೆಯೇ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪದ ಮೀನುಗಾರರ ಬಗ್ಗೆ ಇದಕ್ಕೆ ಹತ್ತಿರದ ಮಾತು ಬರೆದಿದ್ದಾರೆ, ಒಳಗಿನ ಶಾಂತ ಹಿನ್ನೀರಲ್ಲಿ ಮೀನು ಹಿಡಿಯುವಾಗ ಮಂತ್ರ ತಂತ್ರ ಎಂತದೂ ಇಲ್ಲ, ಹೊರಗಿನ ಕಡಲಿಗೆ ಹೋಗುವಾಗ ಮಾತ್ರ ಎಲ್ಲ ಬೇಕು. ಕೈಯಲ್ಲಿ ಇಲ್ಲದ್ದು ಹೆಚ್ಚಾದಷ್ಟೂ ಮನಸ್ಸಿಗೆ ಹಿಡ್ಕೊಳ್ಲಿಕ್ಕೆ ಒಂದು ಬೇಕಾಗ್ತದೆ.

2021ರ ಮೇ ಅಂದ್ರೆ ಎಲ್ಲರೂ ಹೊರಗಿನ ಕಡಲಲ್ಲೇ ಇದ್ದ ಹಾಗೆ. ಬೆಡ್ ಉಂಟಾ ಅಂತ ಫೋನು, ಆಕ್ಸಿಜನ್ ಉಂಟಾ ಅಂತ ಫೋನು. ಆಮೇಲೆ ಒಂದು ದಿನ ಪ್ಲಾಸ್ಟಿಕ್ ಸುತ್ತಿದ ದೇಹ, ದೂರದಿಂದ ಕೈ ಮುಗಿಯುದು, ಮುಗೀತು. ಇಷ್ಟು ವರ್ಷದ ಸಂಸಾರ, ಕಣ್ಣಿಗೆ ಕಾಣದ ಒಂದು ವೈರಸ್. ಮನುಷ್ಯನ ಮನಸ್ಸು ಇಂಥ ಕಡೆ ತಕ್ಕಡಿ ಹಿಡೀತದೆ, ದೊಡ್ಡ ಪೆಟ್ಟಿಗೆ ದೊಡ್ಡ ಕಾರಣವೇ ಇರ್ಬೇಕು ಅಂತ. ಅಮೆರಿಕದ ಅಧ್ಯಕ್ಷ ಕೆನಡಿಯನ್ನು 1963ರಲ್ಲಿ ಕೊಂದದ್ದು ಒಬ್ಬನೇ ಒಬ್ಬ ಅಂತ ಅಲ್ಲಿಯ ಸರಕಾರಿ ಆಯೋಗ ಹೇಳಿದ್ರೂ ಇವತ್ತಿಗೂ ಸಮೀಕ್ಷೆ ಮಾಡಿದ್ರೆ ಅರ್ಧಕ್ಕಿಂತ ಹೆಚ್ಚು ಅಮೆರಿಕನ್ನರು ಒಪ್ಪುದಿಲ್ಲ, ಅಷ್ಟು ದೊಡ್ಡ ಮನುಷ್ಯನನ್ನು ಅಷ್ಟು ಸಣ್ಣ ಒಬ್ಬ ಹೇಗೆ ಕೊಂದ ಅಂತ ಮನಸ್ಸು ಕೇಳ್ತದೆ. ನಿಮ್ಮ ಅಪ್ಪನ ಜಗತ್ತಿನಲ್ಲಿ ನಿಮ್ಮ ಅಮ್ಮ ಯಾವ ಅಧ್ಯಕ್ಷನಿಗಿಂತಲೂ ದೊಡ್ಡವರು.

ಈಗ ಸ್ವಲ್ಪ ಕಷ್ಟದ ಮಾತು. ಸಂಶಯ ಪಡುವವರೆಲ್ಲ ತಪ್ಪು ಅಂತ ನಾನು ಹೇಳ್ಲಿಕ್ಕೆ ತಯಾರಿಲ್ಲ, ಅದೂ ಈ ಜಿಲ್ಲೆಯಲ್ಲಿ ಕೂತು. ಬೆಳ್ತಂಗಡಿ ಕಡೆಯ ಕೊಕ್ಕಡ, ನಿಡ್ಲೆ, ಪಟ್ರಮೆಗೆ ಹೋಗಿ ನೋಡಿ. ಗೇರು ತೋಪಿಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದ್ರು, ಆಚೆ ಕಾಸರಗೋಡಿನಲ್ಲಿಯೂ ಅದೇ. ಮಕ್ಕಳು ಹುಟ್ಟುವಾಗಲೇ ಅಂಗವಿಕಲರಾಗಿ ಹುಟ್ತಿದ್ದಾರೆ, ಇದರಿಂದಲೇ ಇರ್ಬೇಕು ಅಂತ ಊರಿನವರು ಹೇಳಿದಾಗ ಅವರ ಮಾತನ್ನು ಎಷ್ಟೋ ವರ್ಷ ಯಾರೂ ತಲೆಗೆ ಹಾಕ್ಕೊಳ್ಲಿಲ್ಲ. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಎಂಡೋಸಲ್ಫಾನನ್ನೇ ನಿಲ್ಲಿಸಿದ್ದು 2011ರ ಮೇಯಲ್ಲಿ. ಅಂಥ ಮನೆಯ ಒಬ್ಬ ಅಜ್ಜಿ ನನ್ನ ಹತ್ರ ಕೇಳಿದ್ರು, ಮೊದಲು ಮದ್ದು ಅಂತ ಹೇಳಿ ವಿಷ ಹೊಡೆದವರು ಈಗ ಇಂಜೆಕ್ಷನ್ ಒಳ್ಳೇದು ಅಂದ್ರೆ ನಾನು ಹೇಗೆ ನಂಬುದು ಅಂತ. ನನ್ನ ಹತ್ರ ತಕ್ಷಣಕ್ಕೆ ಉತ್ತರ ಇರ್ಲಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರಕಾರದ ಡಾಕ್ಟರುಗಳೇ ಸುಮಾರು 400 ಕಪ್ಪು ಜನಾಂಗದ ಗಂಡಸರ ಸಿಫಿಲಿಸ್‌ಗೆ ಮದ್ದು ಕೊಡದೆ ರೋಗ ಹೇಗೆ ಬೆಳೀತದೆ ಅಂತ ನೋಡ್ತಾ ಕೂತಿದ್ರು, ಅದನ್ನು ಗುಣ ಮಾಡುವ ಪೆನ್ಸಿಲಿನ್ ಬಂದ ಮೇಲೂ ಕೊಡ್ಲಿಲ್ಲ. ಇದೆಲ್ಲ ನಡೆದದ್ದೇ.

ಹಾಗಾದ್ರೆ ನಿಜದ ಮೋಸಕ್ಕೂ ಕಟ್ಟುಕಥೆಗೂ ವ್ಯತ್ಯಾಸ ಎಂತ? ನಾನು ನೋಡುದು ಮುಖ್ಯವಾಗಿ ಒಂದನ್ನು. ನಿಜದ ಮೋಸಕ್ಕೆ ಒಂದು ಗಡಿ ಇರ್ತದೆ, ಯಾರು, ಎಲ್ಲಿ, ಎಷ್ಟು ದುಡ್ಡಿಗೆ ಅಂತ ಹೇಳ್ಲಿಕ್ಕೆ ಬರ್ತದೆ. ಫೋಕ್ಸ್‌ವ್ಯಾಗನ್ ಕಂಪನಿ ಡೀಸೆಲ್ ಕಾರಿನ ಹೊಗೆ ಟೆಸ್ಟಿನಲ್ಲಿ ಮೋಸ ಮಾಡಿದ್ದು 2015ರಲ್ಲಿ ಬಯಲಾದದ್ದು ಹೇಗೆ ಅಂದ್ರೆ ಕೆಲವರು ಕಾರನ್ನು ರಸ್ತೆಯಲ್ಲಿ ಓಡಿಸಿ ಹೊಗೆ ಅಳೆದ್ರು, ಲ್ಯಾಬಿನ ಅಂಕಿಗೂ ಇದಕ್ಕೂ ತಾಳೆ ಆಗ್ಲಿಲ್ಲ, ಅಷ್ಟೇ. ಕಟ್ಟುಕಥೆಯಲ್ಲಿ ಇದು ಉಲ್ಟಾ, ಯಾರು ಇಲ್ಲ ಅಂತಾರೋ ಅವರೂ ಅದರೊಳಗೆ ಸೇರ್ತಾ ಹೋಗ್ತಾರೆ, ಮೊದಲು ಕಂಪನಿ, ಆಮೇಲೆ ಡಾಕ್ಟರ್, ಆಮೇಲೆ ಪೇಪರಿನವರು, ಆಮೇಲೆ ಪಿಎಚ್‌ಸಿಯ ಸಿಸ್ಟರ್, ಆಶಾ ಅಕ್ಕ, ಕೊನೆಗೆ ಸ್ವಂತ ಮಕ್ಕಳು. ನಿಮ್ಮ ಅಪ್ಪ "ಅವರು ಬರೆದ ಪುಸ್ತಕ" ಅಂದದ್ದು ಅದೇ. ಯಾವ ಸಾಕ್ಷಿ ಬಂದ್ರೂ ತಪ್ಪು ಅಂತ ಆಗ್ಲಿಕ್ಕೇ ಸಾಧ್ಯ ಇಲ್ಲದ ಮಾತು ಅದು, ಲೆಕ್ಕದ ಮಾಸ್ಟ್ರಿಗೆ ಈ ಒಂದು ವಿಷಯ ಸಮಾಧಾನದಲ್ಲಿ ಹೇಳಿದ್ರೆ ಅರ್ಥ ಆಗ್ತದೆ.

ಹಾರ್ಟ್ ಅಟ್ಯಾಕ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದನ್ನು ನಂಬುವವರು ನಿಮ್ಮ ಅಪ್ಪ ಒಬ್ಬರೇ ಅಲ್ಲ, ನನ್ನ ಹತ್ರ ಬರುವವರಲ್ಲಿ ತುಂಬಾ ಜನ ಕೇಳ್ತಾರೆ. 2021ರ ಅಕ್ಟೋಬರ್ 21ಕ್ಕೆ ದೇಶದಲ್ಲಿ 100 ಕೋಟಿ ಡೋಸ್ ದಾಟಿತು, ಅದೇ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದ್ರು, 46 ವರ್ಷ. ಇಡೀ ಕರ್ನಾಟಕ ಅತ್ತಿತು. ಎರಡೂ ಒಟ್ಟೊಟ್ಟಿಗೆ ಆದದ್ದನ್ನು ಮನಸ್ಸು ಗಂಟು ಹಾಕಿಯೇ ಹಾಕ್ತದೆ. ಆದ್ರೆ ದೊಡ್ಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ ವ್ಯಾಕ್ಸಿನ್ ಹಾಕಿಸ್ಕೊಂಡ ಮೇಲೆ ಆಮೇಲೆ ಯಾವ ಕಾರಣಕ್ಕೆ ತೀರಿಕೊಂಡವರನ್ನು ನೋಡಿದ್ರೂ ಅವರಲ್ಲಿ ಹೆಚ್ಚಿನವರು ಹಾಕಿಸ್ಕೊಂಡವರೇ ಆಗಿರ್ತಾರೆ, ಬೈಕ್ ಆಕ್ಸಿಡೆಂಟ್ ಆದವರು ಸಹ. ಹಾಗಾಗಿ ಕೇಳ್ಬೇಕಾದ ಪ್ರಶ್ನೆ ಹೋದವರಲ್ಲಿ ಎಷ್ಟು ಜನ ಹಾಕಿಸ್ಕೊಂಡಿದ್ರು ಅಂತ ಅಲ್ಲ, ಹಾಕಿಸ್ಕೊಂಡವರಲ್ಲಿ ಮತ್ತು ಹಾಕಿಸ್ಕೊಳ್ಳದವರಲ್ಲಿ ಯಾರು ಹೆಚ್ಚು ಹೋದ್ರು ಅಂತ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 2023ರಲ್ಲಿ 47 ದೊಡ್ಡ ಆಸ್ಪತ್ರೆಗಳಲ್ಲಿ, ಆರೋಗ್ಯವಾಗಿದ್ದು ಹಠಾತ್ ತೀರಿಕೊಂಡ 18ರಿಂದ 45 ವರ್ಷದವರನ್ನು ಅದೇ ಪ್ರಾಯದ ಅದೇ ಊರಿನ ಬೇರೆಯವರ ಜೊತೆ ಹೋಲಿಸಿ ಇದನ್ನೇ ನೋಡಿದ್ರು. ವ್ಯಾಕ್ಸಿನ್‌ನಿಂದ ಅಪಾಯ ಹೆಚ್ಚಾದದ್ದು ಕಾಣ್ಲಿಲ್ಲ, ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಹೆಚ್ಚಾದದ್ದು ಮೊದಲು ಕೋವಿಡ್‌ನಲ್ಲಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಇದ್ದವರಲ್ಲಿ, ಸಾಯುವ ಎರಡು ದಿನದ ಒಳಗೆ ತುಂಬಾ ಕುಡಿದವರಲ್ಲಿ ಅಥವಾ ವಿಪರೀತ ದೈಹಿಕ ಶ್ರಮ ಮಾಡಿದವರಲ್ಲಿ. 2025ರಲ್ಲಿ ಹಾಸನದಲ್ಲಿ ಒಂದರ ಹಿಂದೆ ಒಂದು ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ ಬಂದಾಗ ಸಹ ನಮ್ಮ ರಾಜ್ಯದ ತಜ್ಞರ ಸಮಿತಿ ನೋಡಿ ವ್ಯಾಕ್ಸಿನ್‌ಗೆ ಸಂಬಂಧ ಇಲ್ಲ ಅಂತ ಹೇಳಿತು.

ಇದರ ಜೊತೆಗೆ ಇನ್ನೊಂದನ್ನು ನೀವೇ ಮೊದಲು ಅಪ್ಪನಿಗೆ ಹೇಳಿ, ಅವರು ಹೇಳುವವರೆಗೆ ಕಾಯ್ಬೇಡಿ. ಕೋವಿಶೀಲ್ಡ್ ತರದ ವ್ಯಾಕ್ಸಿನ್‌ನಿಂದ ತೀರಾ ಅಪರೂಪಕ್ಕೆ ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ತೊಂದರೆ ಆಗುದು ಹೌದು. ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಇದನ್ನು ಬಹಿರಂಗವಾಗಿ ಹೇಳಿದ್ರು. ಆದ್ರೆ 2024ರಲ್ಲಿ ಇದರ ಮೂಲ ಕಂಪನಿ ಆಸ್ಟ್ರಾಜೆನೆಕಾ ಇಂಗ್ಲೆಂಡಿನ ಕೋರ್ಟಿಗೆ ಇದನ್ನು ಒಪ್ಪಿ ಕೊಟ್ಟ ಕಾಗದದ ಸುದ್ದಿ ಬಂದಾಗ ನಮ್ಮಲ್ಲಿ ಎಲ್ಲರಿಗೂ ಇದು ಈಗಷ್ಟೇ ಸಿಕ್ಕಿಬಿದ್ದ ಗುಟ್ಟು ಅಂತ ಅನ್ನಿಸಿತು, ಯಾಕಂದ್ರೆ 2021ರಲ್ಲಿ ನಮ್ಮ ಪಂಚಾಯತಿನಲ್ಲಿ, ಪಿಎಚ್‌ಸಿಯಲ್ಲಿ ಯಾರೂ ಕೂತು ಅದನ್ನು ಕನ್ನಡದಲ್ಲಿ ಹೇಳಿರ್ಲಿಲ್ಲ. ಇದು ನನಗೆ ಬೇಸರದ ವಿಷಯ. ಜನ ಹೆದರ್ತಾರೆ ಅಂತ ಸಣ್ಣ ಸತ್ಯ ಮುಚ್ಚಿಟ್ರೆ ಆಮೇಲೆ ದೊಡ್ಡ ಸುಳ್ಳಿಗೆ ಅದೇ ಅಡಿಪಾಯ ಆಗ್ತದೆ.

ವಾಟ್ಸಾಪ್ ಬಗ್ಗೆ ಎಲ್ಲರಿಗೂ ಗೊತ್ತಿದ್ದದ್ದೇ, ಜಾಸ್ತಿ ಹೇಳುದಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದ್ರೆ ಅದು ನಿಜ ಅನ್ನಿಸ್ತದೆ ಅಂತ 1977ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡದ್ದು, ಮತ್ತೆ ಈಗ ಅದೇ ವಿಡಿಯೋ ಕುಟುಂಬದ ಗ್ರೂಪಿನಲ್ಲಿ, ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ, ಭಜನಾ ಮಂಡಳಿ ಗ್ರೂಪಿನಲ್ಲಿ ಬಂದ್ರೆ ಮೂರು ಕಡೆಯಿಂದ ಗೊತ್ತಾಯ್ತು ಅಂತ ಆಗ್ತದೆ, ನಿಜವಾಗಿ ಬಂದದ್ದು ಒಂದೇ ಕಡೆಯಿಂದ.

ಆದ್ರೆ ಆ ಮೊಬೈಲು ನಿಮ್ಮ ಅಪ್ಪನಿಗೆ ಎಂತ ಕೊಡ್ತಾ ಉಂಟು ಅಂತ ನೋಡಿ. ಮೂವತ್ತೋ ಮೂವತ್ತೈದೋ ವರ್ಷ ನಲ್ವತ್ತು ಮಕ್ಕಳ ಎದುರು ನಿಂತು ಗೊತ್ತಿಲ್ಲದ್ದನ್ನು ಹೇಳಿಕೊಟ್ಟವರು. ಬೋರ್ಡು ಹೋಯ್ತು, ಮಕ್ಕಳು ಹೋದ್ರು, ಆಮೇಲೆ ಸಂಜೆ ಚಾ ಕುಡೀತಾ ಮಾತು ಕೇಳ್ತಿದ್ದ ಹೆಂಡತಿಯೂ ಹೋದ್ರು. ಈಗ ಒಂದು ಗ್ರೂಪಿನಲ್ಲಿ ಅವರು ಎಂತಾದ್ರೂ ಹಾಕಿದ್ರೆ ಹತ್ತು ಜನ ಸರಿಯಾಗಿ ಹೇಳಿದ್ರಿ ಸರ್ ಅಂತಾರೆ. ಬೇರೆಯವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತುಂಟು ಅನ್ನುವ ಸುಖ ಸಣ್ಣದಲ್ಲ, ಅದರಲ್ಲಿಯೂ ಮಾಸ್ಟ್ರುಗಳಿಗೆ. ನೀವು ಮೊಬೈಲು ಬಿಡಿ ಅಂದಾಗ ಅವರಿಗೆ ಕೇಳುದು ಕ್ಲಾಸ್ ಬಿಡಿ ಅಂತ. ಹತ್ತಿರದ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ವಾರಕ್ಕೆ ಎರಡು ದಿನ ಲೆಕ್ಕ ಹೇಳಿಕೊಡ್ಲಿಕ್ಕೆ ಯಾರಾದ್ರೂ ಕರೆದ್ರೆ ಎಷ್ಟು ಒಳ್ಳೇದು, ನೀವು ಒಮ್ಮೆ ಹೆಡ್‌ಮಾಸ್ಟ್ರ ಹತ್ರ ಮಾತಾಡಿ ನೋಡಿ.

ವಾದ ಮಾಡುವ ರೀತಿ ಬದಲಾಗ್ಬೇಕು. ಎಲ್ಲರ ಎದುರು, ಗ್ರೂಪಿನಲ್ಲಿ ಉತ್ತರ ಹಾಕ್ಬೇಡಿ, ಮರ್ಯಾದೆ ಪ್ರಶ್ನೆ ಆಗ್ತದೆ. ಇಬ್ಬರೇ ಇದ್ದಾಗ ಒಂದೇ ಒಂದು ವಿಷಯ ಹಿಡ್ಕೊಂಡು, ಇದರಲ್ಲಿ ನಿಮಗೆ ಯಾವುದು ಹೆಚ್ಚು ಸರಿ ಕಂಡದ್ದು ಅಪ್ಪ ಅಂತ ಕೇಳಿ, ಪೂರ್ತಿ ಕೇಳಿಸ್ಕೊಳ್ಳಿ, ಅವರು ಕೊಟ್ಟ ಕಾರಣಕ್ಕೇ ಉತ್ತರ ಹುಡುಕಿ ಎರಡು ದಿನ ಬಿಟ್ಟು ಬನ್ನಿ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಷಡ್ಯಂತ್ರ ನಂಬುವ 2000ಕ್ಕೂ ಹೆಚ್ಚು ಜನರ ಜೊತೆ ಎಐ ಚಾಟ್‌ಬಾಟ್, ಅಂದ್ರೆ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಂ, ಹೀಗೇ ಮಾತಾಡಿತು, ಅವರವರು ಹೇಳಿದ ಕಾರಣಕ್ಕೇ ತಾಳ್ಮೆಯಲ್ಲಿ ಸಾಕ್ಷಿ ಕೊಟ್ಟು. ನಂಬಿಕೆ ಸರಾಸರಿ ಐದರಲ್ಲಿ ಒಂದು ಪಾಲು ಇಳೀತು, ಎರಡು ತಿಂಗಳ ನಂತರವೂ ಹಾಗೇ ಇತ್ತು. ಇಷ್ಟೇನಾ ಅಂತ ನಿಮಗೆ ಅನ್ನಿಸ್ಬಹುದು, ನನಗೆ ಇದು ದೊಡ್ಡ ಭರವಸೆ, ಯಾಕಂದ್ರೆ ಏನು ಹೇಳಿದ್ರೂ ಪ್ರಯೋಜನ ಇಲ್ಲ ಅಂತ ನಾವೆಲ್ಲ ಕೈ ಚೆಲ್ಲಿದ್ದೆವು.

ಶುರು ಮಾಡ್ಲಿಕ್ಕೆ ಚಂದ್ರನ ವಿಷಯ ಒಳ್ಳೇದು, ಅದರಲ್ಲಿ ನೋವು ಇಲ್ಲ. ನಿಮ್ಮ ಕಾಪುವಿನ ಹತ್ರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದವರು, ಅಪ್ಪನಿಗೆ ಅವರ ಬಗ್ಗೆ ಅಭಿಮಾನ ಇದ್ದೇ ಇರ್ತದೆ. ಅದೇ ಇಸ್ರೋದ ಚಂದ್ರಯಾನ-2ರ ಆರ್ಬಿಟರ್ 1969ರಲ್ಲಿ ಅಪೋಲೊ 11 ಇಳಿದ ಜಾಗದ ಫೋಟೋ ತೆಗ್ದಿದೆ, ಬಿಟ್ಟು ಬಂದ ಭಾಗ ಅದರಲ್ಲಿ ಕಾಣ್ತದೆ. ಒಟ್ಟಿಗೆ ಕೂತು ನೋಡಿ, ನಾನು ಹೇಳಿದ್ದೇ ಸರಿ ಅಂತ ಮಾತ್ರ ಹೇಳ್ಬೇಡಿ.

ಇನ್ನು ಅಮ್ಮನ ವಿಷಯ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲು. ಮನೆಯಲ್ಲಿ ಕೂಡ ಅಷ್ಟೇ ಇರ್ಬಹುದು ಅಂತ ನನಗೆ ಅನ್ನಿಸಿತು. ಆ ಮೇ ತಿಂಗಳ ಬಗ್ಗೆ ನೀವು ಮತ್ತೆ ಅಪ್ಪ ಯಾವತ್ತಾದ್ರೂ ಕೂತು ಮಾತಾಡಿದ್ದೀರಾ? ಅಂಥ ಎಷ್ಟೋ ಮನೆಗಳಲ್ಲಿ ನಾನು ಕೇಳಿದ ಮಾತು ಒಂದೇ, ಒಳಗೆ ಎಂತ ಆಯ್ತು ಅಂತ ನಮಗೆ ಯಾರೂ ಹೇಳ್ಲಿಲ್ಲ. ಆಸ್ಪತ್ರೆಯ ಫೈಲು, ರಿಪೋರ್ಟು, ಬಿಲ್ಲು ಮನೆಯಲ್ಲಿ ಎಂತ ಇದ್ರೂ ಹುಡುಕಿ ತೆಗೀರಿ, ನಿಮ್ಮ ಫ್ಯಾಮಿಲಿ ಡಾಕ್ಟರ್ ಹತ್ರ ಅರ್ಧ ಗಂಟೆ ಟೈಮ್ ಕೇಳಿ, ಅಪ್ಪನನ್ನು ಕೂರಿಸಿ ಸಾಲು ಸಾಲಾಗಿ ಓದಿ ಹೇಳ್ಲಿಕ್ಕೆ ಹೇಳಿ, ಆಕ್ಸಿಜನ್ ಯಾವ ದಿನ ಎಷ್ಟು ಇತ್ತು, ಯಾವ ಮದ್ದು ಕೊಟ್ರು, ಎಲ್ಲಿ ಕೈ ಮೀರಿತು ಅಂತ. ತಪ್ಪು ಆಗಿದ್ರೆ ತಪ್ಪು ಅಂತಲೇ ಹೇಳ್ಲಿ. ಅಪ್ಪ ಅಳ್ಬಹುದು, ಸಿಟ್ಟು ಮಾಡ್ಬಹುದು, ಬಿಡಿ. ಇಷ್ಟು ವರ್ಷ ಅವರು ಮೊಬೈಲಲ್ಲಿ ಹುಡುಕ್ತಾ ಇದ್ದದ್ದು ಈ ಉತ್ತರವನ್ನೇ ಇರ್ಬೇಕು ಅಂತ ನನ್ನ ಅಂದಾಜು.

ಮಗುವಿಗೆ ಇಂಜೆಕ್ಷನ್ ಹಾಕಿಸುವ ದಿನ ಅಪ್ಪನನ್ನೂ ಕರೀರಿ, ಬರುದಿಲ್ಲ ಅಂದ್ರೆ ಒತ್ತಾಯ ಬೇಡ, ಆದ್ರೆ ಕದ್ದು ಹೋಗಿ ಹಾಕಿಸ್ಕೊಂಡು ಬರ್ಬೇಡಿ, ಗೊತ್ತಾದ್ರೆ ಮನೆಯೊಳಗೇ ಒಂದು ಷಡ್ಯಂತ್ರ ನಡೆದ ಹಾಗಾಗ್ತದೆ. ಮತ್ತೆ ಒಂದು ವಿಷಯ ಮೊದಲೇ ಹೇಳಿಡಿ, ಎಂಆರ್ ಹಾಕಿ ಒಂದು ವಾರದಿಂದ ಹನ್ನೆರಡು ದಿನದ ಒಳಗೆ ಕೆಲವು ಮಕ್ಕಳಿಗೆ ಸಣ್ಣ ಜ್ವರ, ಮೈಮೇಲೆ ಸ್ವಲ್ಪ ಕೆಂಪು ಗುಳ್ಳೆ ಬರ್ತದೆ, ಎರಡು ಮೂರು ದಿನದಲ್ಲಿ ಹೋಗ್ತದೆ ಅಂತ. ಹೇಳದೆ ಇದ್ದು ಜ್ವರ ಬಂದ್ರೆ ನೋಡು ನಾನು ಹೇಳಿದ್ದೆ ಅಂತಾರೆ, ಅವರ ಕಡೆಯಿಂದ ನೋಡಿದ್ರೆ ಅದು ಸಹಜವೇ. ಒಂದು ಥರ್ಮಾಮೀಟರ್ ತಂದು, ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು ಗೆರೆ ಎಳೆದು ಅಜ್ಜನ ಕೈಗೆ ಕೊಡಿ, ದಿನಾ ಎರಡು ಹೊತ್ತು ಮೊಮ್ಮಗುವಿನ ಟೆಂಪರೇಚರ್ ನೋಡಿ ಬರೀಲಿ. ಜ್ವರ ತುಂಬಾ ಏರಿದ್ರೆ ಅಥವಾ ಮಗು ಹಾಲು ಬಿಟ್ರೆ ತಡ ಮಾಡದೆ ಡಾಕ್ಟರ್ ಹತ್ರ ಹೋಗಿ, ಆ ನೋಟ್‌ಬುಕ್ ಹಿಡ್ಕೊಂಡು ಅಜ್ಜನೇ ಜೊತೆಗೆ ಬರ್ಲಿ.